ನಾನು ಬರೆಯದ ಒಂದು ವಾಕ್ಯ

ಆ ವಾಕ್ಯ ನನ್ನದಲ್ಲ ಎಂದು ಅನಿಸಿದ್ದು ಓದಿದ ತಕ್ಷಣವಲ್ಲ, ಅದನ್ನು ದಾಟಿ ಮುಂದಿನ ಪ್ಯಾರಾಕ್ಕೆ ಹೋದ ಮೇಲೆ. ಅನ್ನದಲ್ಲಿ ಕಲ್ಲು ಇತ್ತು ಎಂದು ನುಂಗಿದ ಮೇಲೆ ಗೊತ್ತಾಗುವ ಹಾಗೆ. ಹಿಂದಕ್ಕೆ ಹೋಗಿ ಮತ್ತೆ ಓದಿದೆ.

'ಮಾವನಿಗೆ ಮನೆಯಲ್ಲೇ ಇರಬೇಕೆಂದು ಉಂಟು, ಆಸ್ಪತ್ರೆ ಬೇಡ ಎಂದರು.'

ಅದು ನನ್ನ ದಿನಚರಿ. ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿದ್ದ ಕಂಪ್ಯೂಟರಿನಲ್ಲಿ ನಾನೇ ಟೈಪ್ ಮಾಡಿಟ್ಟದ್ದು. ಮಾವ ತೀರಿಕೊಂಡು ವರ್ಷ ತುಂಬುತ್ತಿತ್ತು. ಕೊನೆಯ ದಿನಗಳಲ್ಲಿ ಅವರನ್ನು ನೋಡಲು ಯಾರು ಯಾರು ಬಂದಿದ್ದರು, ವರ್ಷದ ತಿಥಿಗೆ ಯಾರನ್ನು ಕರೆಯಲು ಮರೆಯಬಾರದು ಎಂದು ತಿಳಿಯಲು ಆ ಪುಟಗಳನ್ನು ತೆರೆದಿದ್ದೆ. ಬೇರೆ ಉದ್ದೇಶವೇನೂ ಇರಲಿಲ್ಲ ಎಂದು ಈಗ ಹೇಳುತ್ತೇನೆ. ಇತ್ತೋ ಏನೋ.

ನನಗೆ ನೆನಪಿರುವ ಆ ಮಧ್ಯಾಹ್ನ ಹೀಗಿದೆ. ಲೋಡ್‌ಶೆಡ್ಡಿಂಗ್ ಹೊತ್ತು, ಫ್ಯಾನ್ ನಿಂತಿದೆ. ಮಾವ ಹಾಲಿನ ದಿವಾನದ ಮೇಲೆ ಮಲಗಿದ್ದಾರೆ. ನಾನು ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಬೀಸುತ್ತಿದ್ದೇನೆ. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿ ಸ್ಪಷ್ಟವಾಗಿ ಹೇಳುತ್ತಾರೆ: "ಇಲ್ಲಿ ಆಗುದಿಲ್ಲ ನನಗೆ. ಆಸ್ಪತ್ರೆಗೆ ಹೋಗುವಾ. ರಿಕ್ಷಾ ಕರಿ."

ನನ್ನ ಗಂಡನ ಮನೆಯವರು ಉಡುಪಿ ಕಡೆಯವರು, ಮನೆಯಲ್ಲಿ ತುಳು. ನಾನು ಧಾರವಾಡದವಳು. ಮದುವೆಯಾಗಿ ಇಷ್ಟು ವರ್ಷವಾದರೂ ತುಳು ನನಗೆ ಅರ್ಧಂಬರ್ಧ. ಹಾಗಾಗಿ ಆ ಮನೆಯಲ್ಲಿ ಕನ್ನಡವೆಂದರೆ ನನ್ನೊಡನೆ ಮಾತ್ರ ಆಡುವ ಭಾಷೆ. ಮಾವ ಕನ್ನಡದಲ್ಲಿ ಕೇಳಿದರೆಂದರೆ ನನ್ನನ್ನೇ ಕೇಳಿದರು ಎಂದರ್ಥ.

ನಾನು ರಿಕ್ಷಾ ಕರೆಯಲಿಲ್ಲ, ಭಾವನಿಗೆ ಫೋನ್ ಮಾಡಿದೆ. ಭಾವ ಎಂದರೆ ಗಂಡನ ಅಣ್ಣ. ಕಳಂಬೋಲಿಯಲ್ಲಿ ಕಬ್ಬಿಣದ ಮಾರುಕಟ್ಟೆಯ ಬಳಿ ವೆಜ್ ಹೋಟೆಲು ಇಟ್ಟಿದ್ದಾರೆ. ಮನೆಯ ದೊಡ್ಡ ವಿಷಯಗಳೆಲ್ಲ ಅವರು ಹೇಳಿದ ಹಾಗೆ. ಆಚೆಯಿಂದ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು.

"ಡಾಕ್ಟ್ರು ಹೇಳಿದ್ದು ನೀನೂ ಕೇಳಿದ್ದಿಯಲ್ಲ? ಪುನಃ ಆ ಸೂಜಿ, ಆ ನಳಿಗೆ ಎಲ್ಲ ಎಂತಕ್ಕೆ? ನಾನು ಸಂಜೆ ಬರ್ತೇನೆ, ನೋಡುವಾ."

ಡಾಕ್ಟರು ಹಾಗೆ ಹೇಳಿದ್ದು ನಿಜ. ಆಸ್ಪತ್ರೆಯಲ್ಲಿಟ್ಟರೂ ಹೆಚ್ಚೇನೂ ಆಗಲಿಕ್ಕಿಲ್ಲ ಎಂದಿದ್ದರು. ಭಾವ ಸಂಜೆ ಬಂದರು. ಮಾವನ ಪಕ್ಕ ಕೂತು ತಗ್ಗಿದ ದನಿಯಲ್ಲಿ ತುಳುವಿನಲ್ಲಿ ಮಾತಾಡಿದರು. ನಾನು ಅಡುಗೆಮನೆಯಲ್ಲಿದ್ದೆ. ಭಾವ ಎದ್ದು ಬಂದು, "ಬೇಡವಂತೆ" ಎಂದರು, ಅಷ್ಟೇ. ಮಾವ ಆ ವಾರ ಮುಗಿಯುವ ಮೊದಲು ಅದೇ ದಿವಾನದ ಮೇಲೆ ತೀರಿಕೊಂಡರು. ಆ ವಾರ ಅವರು ಮತ್ತೆ ನನ್ನೊಡನೆ ಕನ್ನಡದಲ್ಲಿ ಮಾತಾಡಲಿಲ್ಲ.

ರಿಕ್ಷಾ ಕರೆಯಲು ಹೇಳಿದ್ದನ್ನು ನಾನು ಆ ದಿನವೇ ಬರೆದಿಟ್ಟಿದ್ದೆ. ಬರೆದಿಟ್ಟಿದ್ದೆ ಎಂಬುದು ನನ್ನ ನೆನಪು. ಈಗ ಆ ಜಾಗದಲ್ಲಿ ರಿಕ್ಷಾ ಇಲ್ಲ, ಫೋನ್ ಇಲ್ಲ, ರಟ್ಟಿನ ಗಾಳಿಯೂ ಇಲ್ಲ. ಹಿಂದಿನ ಪ್ಯಾರಾದಲ್ಲಿ ನೀರಿನ ಟ್ಯಾಂಕರ್ ಬಂದದ್ದು, ಮುಂದಿನದರಲ್ಲಿ ಭಾವ ತಂದ ಎಳನೀರು. ನಡುವೆ ಈ ಒಂದು ವಾಕ್ಯ.

ಕಂಪ್ಯೂಟರಿನಲ್ಲಿ ಯಾರಾದರೂ ಕೈಯಾಡಿಸಿದ್ದರೆ ಕಡತದ ತಾರೀಕು ಹೇಳುತ್ತದೆ ಎಂದು ನನಗೂ ಗೊತ್ತಿತ್ತು. ನೋಡಿದೆ. ಓದುತ್ತಿದ್ದ ದಿನದ ತಾರೀಕನ್ನೇ ತೋರಿಸಿತು. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗುತ್ತಿರಲಿಲ್ಲ. ಆ ಕಾಲದಲ್ಲಿ ಡೊಂಬಿವಲಿ, ಕಲ್ಯಾಣ್ ಕಡೆ ಕಂಪ್ಯೂಟರ್ ಕಲಿತವರಿಗೆಲ್ಲ ಒಂದು ಚಟ ಅಂಟಿಕೊಂಡಿತ್ತು: ಬರೆಯಲಿ ಬಿಡಲಿ, ಉಸಿರಾಡಿದ ಹಾಗೆ ಸೇವ್ ಒತ್ತುತ್ತಿರುವುದು. ಓದುತ್ತ ಓದುತ್ತ ನನ್ನ ಎಡಗೈ ತಾನಾಗಿಯೇ ಒತ್ತಿಬಿಟ್ಟಿತ್ತು. ಹಿಂದೆ ಯಾರು ಯಾವಾಗ ಬಂದು ಹೋಗಿದ್ದರೋ, ಅವರ ಹೆಜ್ಜೆಯ ಮೇಲೆ ನಾನೇ ಕಾಲಿಟ್ಟಿದ್ದೆ.

ಅದೇ ವಾರ ಕಂಪ್ಯೂಟರ್ ಬೇರೆ ರೀತಿಯಲ್ಲೂ ವಿಚಿತ್ರವಾಗಿ ವರ್ತಿಸುತ್ತಿತ್ತು. ಗಂಡನ ಮೇಲ್‌ನಿಂದ ಪರಿಚಯದವರಿಗೆಲ್ಲ ಅರ್ಥವಿಲ್ಲದ ಒಂದು ಲಿಂಕ್ ಹೋಗಿತ್ತು. ನಾನು ಮುಟ್ಟದೆ ಇದ್ದಾಗ ಮೌಸಿನ ಬಾಣ ಪರದೆಯ ಮೂಲೆಗೆ ಜಾರಿ ನಿಂತದ್ದನ್ನು ಕಂಡಿದ್ದೆ. ನಮ್ಮ ಇಂಟರ್‌ನೆಟ್ ಟಿವಿ ಕೇಬಲಿನವನೇ ಕೊಟ್ಟದ್ದು. ಇಡೀ ಬಿಲ್ಡಿಂಗಿಗೆ ಒಂದೇ ತಂತಿ. ಒಮ್ಮೆ ಏನೋ ಒತ್ತಿದಾಗ ಮೂರನೆಯ ಮಹಡಿಯವರ ಮಗಳ ಬಾರಸೆಯ, ಅಂದರೆ ನಾಮಕರಣದ, ಫೋಟೋಗಳು ನಮ್ಮ ಪರದೆಯ ಮೇಲೆ ತೆರೆದುಕೊಂಡಿದ್ದವು. ತೊಟ್ಟಿಲು, ಬಲೂನು, ನನಗೆ ಗುರುತಿಲ್ಲದ ಹೆಂಗಸರು. ಅವರದು ನನಗೆ ಕಾಣುತ್ತದೆಂದರೆ ನನ್ನದು ಅವರಿಗೆ ಕಾಣುತ್ತದೆ ಎಂದು ಆಗ ಹೊಳೆದಿತ್ತು.

ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಹುಟ್ಟಿ ಬೆಳೆದದ್ದು ಥಾಣೆಯ ಕೋಪರಿಯಲ್ಲಿ, ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾರೆ, ಓದುವುದು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ಶೂ ಬಿಚ್ಚುತ್ತ ಕೇಳಿಸಿಕೊಂಡರು.

"ಅರೇ, ಸಿಂಪಲ್ ಇದೆ. ಮೇಲ್ ಹ್ಯಾಕ್ ಆಗಿದೆ ಅಂದ್ರೆ ಪೀಸಿಯೂ ಆಗಿದೆ. ಫಾರ್ಮ್ಯಾಟ್ ಮಾಡ್ಸುವ, ಖತಂ."

"ಮತ್ತ ಡೈರಿ ಒಳಗಿನ ವಾಕ್ಯ?"

"ಅಂದ್ರೆ ಹ್ಯಾಕರ್ ಬಂದು ನಿನ್ನ ಡೈರಿ ತೆಗೆದು, ಕೂತು ಓದಿ, ಕನ್ನಡದಲ್ಲಿ ಕರೆಕ್ಷನ್ ಮಾಡಿ ಹೋದ್ನಾ?" ಅವರು ನಕ್ಕರು. "ಭಾರೀ ಹ್ಯಾಕರ್ ಮಾರಾಯ್ತಿ! ನಮ್ಮ ಊರಿನವನೇ ಇರಬೇಕು."

ನನಗೆ ನಗು ಬರಲಿಲ್ಲ. ಒಂದು ಕ್ಷಣದ ನಂತರ ಅವರ ನಗುವೂ ನಿಂತಿತು. ಇಬ್ಬರೂ ದಿವಾನದ ಕಡೆ ನೋಡಲಿಲ್ಲ.

ನನ್ನ ಅನುಮಾನವೆಲ್ಲ ನಿಂತಿದ್ದದ್ದು 'ಉಂಟು' ಎಂಬ ಒಂದು ಪದದ ಮೇಲೆ. 'ಇರಬೇಕೆಂದು ಉಂಟು' ಎಂದು ನಾನು ಬರೆಯುವುದಿಲ್ಲ. ಅದು ಕರಾವಳಿಯವರ ಮಾತು. ನಾನಾದರೆ 'ಇರುವ ಆಸೆ' ಎನ್ನುತ್ತಿದ್ದೆ. ಆ ಬಿಲ್ಡಿಂಗಿನಲ್ಲಿ ನಾವಲ್ಲದೆ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ನಮ್ಮ ಮನೆಗೆ ಬರುವವರಲ್ಲಿ ಕನ್ನಡದ ಕೀಲಿಮಣೆ ಬಲ್ಲವರು ಒಬ್ಬರೇ, ಭಾವ. ಅವರು ಕಾಲೇಜಿನವರೆಗೆ ಉಡುಪಿಯಲ್ಲೇ ಓದಿದವರು. ಹೋಟೆಲಿನ ಮೆನುವಿಗೆಂದು ಟೈಪಿಂಗ್ ಕಲಿತಿದ್ದರು. ಹಿಂದಿನ ತಿಂಗಳಷ್ಟೇ ಬಂದು, ಕನ್ನಡ ಪತ್ರಿಕೆಗೆ ಕೊಡುವ ವರ್ಷದ ತಿಥಿಯ ಪ್ರಕಟಣೆಯನ್ನು ನಮ್ಮ ಈ ಕಂಪ್ಯೂಟರಿನ ಮುಂದೆಯೇ ಕೂತು ಟೈಪ್ ಮಾಡಿದ್ದರು. ನಾನು ಅವರಿಗೆ ಚಹಾ ಕೊಟ್ಟಿದ್ದೆ.

ಇಷ್ಟು ಲೆಕ್ಕ ಹಾಕಿ ಖಚಿತವಾಯಿತು ಎಂದುಕೊಂಡಾಗ ಧಾರವಾಡದಿಂದ ಅವ್ವನ ಫೋನ್ ಬಂತು. ಅದೂ ಇದೂ ಮಾತಾಡುತ್ತಿದ್ದಂತೆ ಅವ್ವ ನಡುವೆಯೇ ತಡೆದಳು.

"ಏನ ಅದು, ಉಂಟು ಉಂಟು ಅಂತೀ?"

"ನಾ ಎಲ್ಲಿ ಅಂದೆ?"

"ಈಗ ಅಂದೆಲ್ಲ, 'ಮುಂದಿನ ವಾರ ತಿಥಿ ಉಂಟು' ಅಂತ. ಪೂರಾ ಅವರೇ ಆಗೀ ನೋಡು ನೀ."

ಅಂದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮನೆಗೆ ಕಳ್ಳ ನುಗ್ಗಿದ್ದಾನೆಂದು ಕೋಣೆ ಕೋಣೆ ಹುಡುಕುತ್ತಿರುವವಳಿಗೆ ಅವನ ಅಂಗಿ ತನ್ನ ಮೈ ಮೇಲೇ ಕಂಡಂತಾಗಿತ್ತು. ಆ ವಾಕ್ಯವನ್ನು ನಾನೇ ಬರೆದಿದ್ದರೆ? ಭಾವ 'ಬೇಡವಂತೆ' ಎಂದ ಮೇಲೆ, ಮಧ್ಯಾಹ್ನ ಬರೆದದ್ದನ್ನು ನಾನೇ ಅಳಿಸಿ ಹೀಗೆ ತಿದ್ದಿ ಮರೆತಿದ್ದರೆ? ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ನಾನು. ಘಟನೆ ನಡೆದಾಗಲೇ ಬರೆದದ್ದನ್ನು ನಂಬಿ, ಆಮೇಲೆ ನೆನಪಿಸಿಕೊಂಡದ್ದನ್ನು ಅನುಮಾನಿಸಿ ಎಂದು ಮಕ್ಕಳಿಗೆ ಹೇಳುತ್ತ ಬಂದವಳು. ಆ ಪಾಠದ ಪ್ರಕಾರ ಪರದೆಯ ಮೇಲಿನ ವಾಕ್ಯವೇ ನಿಜ, ನನ್ನ ತಲೆಯಲ್ಲಿರುವ ರಿಕ್ಷಾ ಸುಳ್ಳು.

ಕಲ್ಯಾಣಿನ ನಮ್ಮ ಕಾಲೇಜಿನಲ್ಲಿ ಆಗ ಉತ್ತರಪತ್ರಿಕೆ ತಿದ್ದುವ ಕೆಲಸ ನಡೆಯುತ್ತಿತ್ತು. ಕಂಪ್ಯೂಟರ್ ಕಲಿಸುವ ಮರಾಠಿ ಸಹೋದ್ಯೋಗಿಯೊಬ್ಬರನ್ನು ಕೇಳಿದೆ, ಡೈರಿ ಎಂದು ಹೇಳದೆ. ಹಳೆಯ ಪ್ರತಿಗಳು ಕಂಪ್ಯೂಟರಿನ ಮೂಲೆಯಲ್ಲಿ ಎಲ್ಲೋ ಉಳಿದಿರಬಹುದು, ಹುಡುಕಿ ನೋಡೋಣ ಎಂದರು. ಡಬ್ಬವನ್ನೇ ಸೋಮವಾರ ತರಲು ಹೇಳಿದರು. "ಅಲ್ಲಿಯವರೆಗೆ ಅದರ ಮೇಲೆ ಹೊಸದೇನನ್ನೂ ಹಾಕಬೇಡಿ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ."

ಮನೆಗೆ ಬಂದರೆ, ಗಂಡ ಭಾನುವಾರಕ್ಕೇ ರಿಪೇರಿಯವನನ್ನು ಗೊತ್ತು ಮಾಡಿದ್ದರು. ಸೋಮವಾರದ ತನಕ ತಡೆಯಲು ಹೇಳಿದೆ.

"ಅಷ್ಟರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹೋದ್ರೆ ಯಾರು ಜವಾಬ್ದಾರಿ? ನೀನಾ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಶನಿವಾರ ಭಾವ ತಿಥಿಯ ಅಡುಗೆಯ ವಿಷಯ ಮಾತಾಡಲು ಫೋನ್ ಮಾಡಿದರು. ಭಟ್ಟರಿಗೆ ಹೇಳಿ ಆಯಿತು, ಬಾಳೆಲೆ ಕಳಂಬೋಲಿಯಿಂದಲೇ ಬರುತ್ತದೆ ಎಂದೆಲ್ಲ ಹೇಳಿ, ಇಡುವ ಮುಂಚೆ ಕೇಳಿದರು:

"ಕಂಪ್ಯೂಟರಿಗೆ ಎಂತದೋ ಆಯ್ತಂತೆ? ನಾಳೆಯೇ ಸರಿ ಮಾಡಿಸಿಬಿಡಿ. ಇಟ್ಕೊಂಡು ಕೂತ್ಕೊಳ್ಳುದು ಬೇಡ."

ಅದು ಕಾಳಜಿಯ ಮಾತೂ ಆಗಿರಬಹುದು. ಅವರು ಎಲ್ಲ ವಿಷಯಕ್ಕೂ ಹಾಗೆಯೇ ಹೇಳುವವರು, ಸೋರುವ ನಲ್ಲಿಗೂ.

ಭಾನುವಾರ ರಿಪೇರಿಯವನು ಥಾಣೆಯ ವರ್ತಕ ನಗರದಿಂದ ಬೆನ್ನಿಗೆ ಬ್ಯಾಗು ಹಾಕಿಕೊಂಡು ಬಂದ. ಮಾತಿನ ಮಲ್ಲ. ಯಂತ್ರದ ಮುಚ್ಚಳ ತೆಗೆದವನೇ ಊದಿ ಧೂಳು ಹಾರಿಸಿ, "ಭಾಭಿ, ಇಸಕೇ ಅಂದರ್ ತೋ ಪೂರಾ ಡೊಂಬಿವಲಿ ಬೈಠಾ ಹೈ" ಎಂದ, ಇಡೀ ಡೊಂಬಿವಲಿಯೇ ಒಳಗೆ ಕೂತಿದೆಯಂತೆ. ವೈರಸ್ ಇದೆಯೇ, ಯಾರಾದರೂ ಹೊರಗಿನಿಂದ ನುಗ್ಗಿದ್ದಾರೆಯೇ, ಒಳಗಿನವರೇ ಬಳಸಿದ್ದಾರೆಯೇ ಎಂದು ಗೊತ್ತಾಗುತ್ತದೆಯೇ ಎಂದು ಕೇಳಿದೆ.

"ಕ್ಯಾ ಕರನಾ ಹೈ ಜಾನ್‌ಕೇ? ಫಾರ್ಮ್ಯಾಟ್ ಮಾರೋ, ಸಬ್ ಸಾಫ್. ಚೋರ್ ಭೀ ಸಾಫ್, ಚೋರ್ ಕಾ ನಿಶಾನ್ ಭೀ ಸಾಫ್."

ಕಳ್ಳನೂ ಹೋಗುತ್ತಾನೆ, ಕಳ್ಳನ ಗುರುತೂ ಹೋಗುತ್ತದೆ ಎಂಬ ಮಾತಿಗೆ ಗಂಡ ನಕ್ಕರು. ನಮ್ಮ ಜೊತೆಗೇ ಇದ್ದ ಅತ್ತೆ ಒಳಗೆ ಬಾಗಿಲ ಪಕ್ಕ ತೆಂಗಿನಕಾಯಿ ತುರಿಯುತ್ತಿದ್ದರು. ತುರಿಯುವ ಸದ್ದು ಒಂದು ಕ್ಷಣ ನಿಂತಂತಾಯಿತು. ಅತ್ತೆಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

ಬೇಕಾದ ಕಡತಗಳನ್ನು ಅವನು ತನ್ನ ಡಿಸ್ಕಿಗೆ ತೆಗೆದುಕೊಂಡ. ಫೋಟೋ, ಗಂಡನ ಆಫೀಸಿನ ಕಾಗದಗಳು, ನನ್ನ ದಿನಚರಿ. ಆಮೇಲೆ ಒಂದು ನೀಲಿ ಪರದೆ ಬಂದು ಕೊನೆಯ ಬಾರಿಗೆ ಒಪ್ಪಿಗೆ ಕೇಳಿತು. ಅವನು ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡು ನಮ್ಮತ್ತ ತಿರುಗಿದ. "ಪಕ್ಕಾ ನಾ? ಬಾದ್ ಮೇ ಮತ್ ಬೋಲನಾ." ಆಮೇಲೆ ದೂರಬೇಡಿ ಎಂದು.

'ಹಾಂ' ಎಂಬ ಉತ್ತರ ಹೋಯಿತು. ಹೇಳಿದವಳು ನಾನೇ ಎಂದು ನನ್ನ ನೆನಪು, ನನ್ನ ಗಂಟಲಿನಲ್ಲಿ ಆ ಶಬ್ದ ಈಗಲೂ ಇದೆ. ಹೇಳಿದ್ದು ತಾನು, ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ ಎಂದು ಗಂಡ ಹೇಳುತ್ತಾರೆ. ಇಬ್ಬರಲ್ಲಿ ಯಾರು ಯಾರನ್ನು ಉಳಿಸಲು ಹಾಗೆ ನೆನಪಿಟ್ಟುಕೊಂಡಿದ್ದೇವೋ ತಿಳಿಯದು. ಹಳದಿ ಪಟ್ಟಿ ಎಡದಿಂದ ಬಲಕ್ಕೆ ಮೆಲ್ಲಗೆ ತುಂಬತೊಡಗಿತು. ಈಗ ತಂತಿ ಎಳೆದರೂ ಅರ್ಧ ಉಳಿದೀತು ಎಂದು ನನಗೆ ಅನಿಸುತ್ತಲೇ ಇತ್ತು. ಆ ದಿನ ಕರೆಂಟು ಹೋಗಲಿಲ್ಲ.

ಎಲ್ಲ ಹೊಸದಾಗಿ ಹಾಕಿ, ಕಡತಗಳನ್ನು ಹಿಂದಿರುಗಿಸಿ, ಅವನು ದಿನಚರಿಯನ್ನು ತೆರೆದ. ಪರದೆಯ ತುಂಬ ಅರ್ಥವಿಲ್ಲದ ಅಕ್ಷರ: ಇಂಗ್ಲಿಷಿನ ಪಿ, ತಲೆಯ ಮೇಲೆ ಚುಕ್ಕಿ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಪಿ.

"ಯೇ ತೋ ಗಯಾ, ಭಾಭಿ. ವೈರಸ್ ಖಾ ಗಯಾ. ಡಿಲೀಟ್ ಕರೂಂ?"

"ಮುಟ್ಟಬೇಡ!" ಎಂದು ಕನ್ನಡದಲ್ಲೇ ಚೀರಿದೆ. ಅವನು ಕೈ ಮೇಲೆತ್ತಿದ. ಆ ಕಾಲದ ಕನ್ನಡ ಹಾಗಿತ್ತು. ಇಂಗ್ಲಿಷ್ ಅಕ್ಷರಗಳ ಮೇಲೆಯೇ ಕನ್ನಡದ ವೇಷ ತೊಡಿಸುವ ಫಾಂಟುಗಳು. ಫಾಂಟು ಹೋದರೆ ವೇಷ ಕಳಚಿ ಒಳಗಿನದು ಹೊರಬೀಳುತ್ತಿತ್ತು. ಕಪಾಟಿನಿಂದ ಫಾಂಟಿನ ಸೀಡಿ ತಂದು ಹಾಕಿದೆ. ಅಕ್ಷರಗಳು ಒಂದೊಂದಾಗಿ ಕನ್ನಡವಾದವು. ಹುಚ್ಚು ಆಸೆಯೊಂದಿತ್ತು, ಯಾಕೆಂದು ಕೇಳಬೇಡಿ, ಈ ತೊಳೆಯುವಿಕೆಯಲ್ಲಿ ಆ ವಾಕ್ಯವೂ ತೊಳೆದು ಹೋಗಿ ಕೆಳಗಿನದು ಕಾಣುತ್ತದೆಂದು. ಅದು ಅಲ್ಲೇ ಇತ್ತು. ಯಂತ್ರದಲ್ಲಿ ಎಲ್ಲವೂ ಹೊಸದಾಗಿರುವಾಗ ಅದು ಮೊದಲಿಗಿಂತ ಹೆಚ್ಚು ನನ್ನದೇ ಎನ್ನುವಂತೆ ಕಾಣುತ್ತಿತ್ತು.

ತಿಥಿಯ ದಿನ ಹಾಲಿನ ದಿವಾನವನ್ನು ಎತ್ತಿ ಗೋಡೆಗೆ ಒರಗಿಸಿ, ನೆಲದ ಮೇಲೆ ಎಲೆ ಹಾಕಿದ್ದೆವು. ಊಟ ಮುಗಿದು ಹತ್ತಿರದವರಷ್ಟೇ ಉಳಿದಿದ್ದರು. ಮಾವನ ತಂಗಿ, ಕೋಪರಿಯ ಅತ್ತೆ, ಎಲೆ ಅಡಿಕೆ ಹಾಕಿಕೊಳ್ಳುತ್ತ, ನನಗೂ ತಿಳಿಯಲೆಂದು ಕನ್ನಡದಲ್ಲೇ, ತಟ್ಟನೆ ಕೇಳಿದರು.

"ಅಲ್ಲ, ನನಗೊಂದು ಮನಸ್ಸಿನಲ್ಲೇ ಉಳಿದಿದೆ. ಅಣ್ಣನನ್ನು ಕಡೆಗೆ ಆಸ್ಪತ್ರೆಗೆ ಯಾಕೆ ಹಾಕ್ಲಿಲ್ಲ ನೀವು? ಅವನು ಹೆದರುವ ಜನ. ಸಣ್ಣ ಜ್ವರಕ್ಕೂ ಡಾಕ್ಟ್ರು ಡಾಕ್ಟ್ರು ಅಂತಿದ್ದ."

ಭಾವ ಅವಸರ ಮಾಡಲಿಲ್ಲ. ಕೈ ಒರಸಿಕೊಂಡು ಹೇಳಿದರು:

"ಅಪ್ಪನಿಗೇ ಬೇಡ ಇತ್ತು, ಸೋದರತ್ತೆ. ಮನೆಯಲ್ಲೇ ಇರಬೇಕು ಅಂತ ಇತ್ತು. ಬೇಕಾದ್ರೆ ಇವಳನ್ನೇ ಕೇಳಿ. ಆ ದಿನದ್ದೇ ಬರೆದು ಇಟ್ಟಿದ್ದಾಳೆ, ಕಲಿತವಳಲ್ವಾ? ಪ್ರಕಟಣೆ ಟೈಪ್ ಮಾಡುವಾಗ ನನ್ನ ಕಣ್ಣಿಗೆ ಬಿತ್ತು." ನನ್ನ ಕಡೆ ತಿರುಗಿ ಮೃದುವಾಗಿ, "ಹೌದಲ್ವಾ?"

ಎಲ್ಲರೂ ನನ್ನನ್ನು ನೋಡಿದರು. ಗಂಡ ಲೋಟದೊಳಗೆ ನೋಡುತ್ತಿದ್ದರು. ಹೌದು ಎಂದರೆ ಮುಗಿಯುತ್ತಿತ್ತು. ಬರೆದದ್ದು ಹೌದು ಎನ್ನುತ್ತಿತ್ತು, ಅದಕ್ಕೆ ವಿರುದ್ಧ ನನ್ನ ಬಳಿ ಇದ್ದದ್ದು ನಾನೇ ನಂಬದ ಒಂದು ನೆನಪು. ಆದರೆ ಹೌದೆಂದರೆ, ಬಿಸಿ ಗಾಳಿಯಲ್ಲಿ ಕಣ್ಣು ಬಿಟ್ಟು ನನ್ನನ್ನು ಕೇಳಿದ ಆ ಮುದುಕ ಕೇಳಲೇ ಇಲ್ಲ ಎಂದಾಗುತ್ತಿತ್ತು. ಅವರು ಕೇಳಿದ್ದಕ್ಕೆ ಸಾಕ್ಷಿ ಹೇಳುವವರು ಬೇರೆ ಯಾರೂ ಇರಲಿಲ್ಲ.

"ಹಾಗೆ ಬರೆದದ್ದು ಅಲ್ಲಿ ಇದೆ, ಭಾವ," ಎಂದೆ. "ಆದರೆ ನನಗೆ ಹಾಗೆ ನೆನಪಿಲ್ಲ. ಆಸ್ಪತ್ರೆಗೆ ಹೋಗುವಾ, ರಿಕ್ಷಾ ಕರಿ ಅಂದರು. ನಿಮಗೆ ಫೋನ್ ಮಾಡಿದೆ."

ಯಾರೂ ದನಿ ಏರಿಸಲಿಲ್ಲ. ಕೋಪರಿಯ ಅತ್ತೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಭಾವ ನನ್ನ ಮುಖ ನೋಡಿ, "ಆ ಸಂಜೆ ಅವರು ನನ್ನ ಹತ್ರ ಎಂತ ಹೇಳಿದ್ರು ಅಂತ ನಿನಗೆ ಅರ್ಥ ಆಗುದಿಲ್ಲ, ತುಳು ಅದು" ಎಂದರು. ಅದೂ ನಿಜವೇ. ಆಮೇಲೆ ಗಂಡನ ಕಡೆ ತಿರುಗಿ ತುಳುವಿನಲ್ಲೇ ಒಂದು ಮಾತು ಕೇಳಿದರು. ಅಷ್ಟು ತುಳು ನನಗೆ ಬರುತ್ತದೆ. ಕಂಪ್ಯೂಟರ್ ಪೂರ್ತಿ ಫಾರ್ಮ್ಯಾಟ್ ಆಯಿತಲ್ಲ, ಎಂದು ಕೇಳಿದ್ದು. ಗಂಡ ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ನಾನು ಅಡುಗೆಮನೆಯ ಬಚ್ಚಲ ಮೋರಿಯ ಬಳಿ ದೊಡ್ಡ ಪಾತ್ರೆ ತಿಕ್ಕುತ್ತಿದ್ದೆ. ಅತ್ತೆ ಬಂದು ಪಕ್ಕದ ಮಣೆಯ ಮೇಲೆ ಕೂತರು. ಆ ವರ್ಷವಿಡೀ ಮಾವನ ಕೊನೆಯ ದಿನಗಳ ಬಗ್ಗೆ ಅವರು ಒಂದು ಮಾತೂ ಆಡಿದವರಲ್ಲ. ಆ ಮಧ್ಯಾಹ್ನ ಅವರು ಮನೆಯಲ್ಲೇ ಇದ್ದರು, ಅಡುಗೆಮನೆಯಲ್ಲಿ. ಕೇಳಿಸಿತ್ತೇ ಎಂದು ನಾನು ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ. ಅವರು ನಲ್ಲಿಯ ನೀರು ಸಣ್ಣದು ಮಾಡಿ, ನನ್ನೊಡನೆ ಆಡುವ ಕನ್ನಡದಲ್ಲಿ, ಕಂಪ್ಯೂಟರಿನಲ್ಲಿ ಇನ್ನು ಇಂಥದ್ದೆಲ್ಲ ಬರೆಯಬೇಡ ಎಂದರು. ಯಾಕೆ ಎಂದು ಕೇಳಿದೆ. ಕಾರಣ ಹೇಳಿ, ಪಾತ್ರೆಯ ಮೇಲೆ ನೀರು ಹೊಯ್ದು ಎದ್ದು ಹೋದರು.

'ಬರೆದರೆ ಯಾರಾದರೂ ತಿದ್ದುತ್ತಾರೆ' ಎಂದರೋ, 'ಬರೆದರೆ ಅವನು ತಿದ್ದುತ್ತಾನೆ' ಎಂದರೋ. ನೀರಿನ ಸದ್ದಿತ್ತು. ಆ ಹೊತ್ತಿನಲ್ಲಿ ನನಗೆ ಸ್ಪಷ್ಟವಾಗಿಯೇ ಕೇಳಿಸಿತ್ತು, ಕೈ ನಿಂತುಬಿಟ್ಟಿತ್ತು ಎಂಬುದು ಗೊತ್ತಿದೆ. ಆದರೆ ಬರೆಯಬೇಡ ಎಂದ ಅವರ ಮಾತಿನಂತೆ ನಾನು ಅದನ್ನು ಬರೆದಿಡಲಿಲ್ಲ. ಈಗ ಒಂದೊಂದು ದಿನ ಒಂದೊಂದು ಕೇಳಿಸುತ್ತದೆ. ಅತ್ತೆಯೂ ಇಲ್ಲ, ಕೇಳೋಣವೆಂದರೆ.